ಮೈಲಿನ ಲೆಕ್ಕದ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಪ್ಪಳ, ರಾಯಚೂರು ಕಡೆಯ ರೈತರ ಬಾಯಲ್ಲಿ ಎರಡು ಸಂಖ್ಯೆಗಳು ಸದಾ ಓಡಾಡುತ್ತವೆ. ಮೈಲ್ 69, ಮೈಲ್ 104. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರು ಅಂದ ಕೂಡಲೇ ಕೇಳುವುದು ಒಂದೇ ಮಾತು: ‘69ರಾಗ ಗೇಜ್ ಎಷ್ಟೈತಿ?’ ಅಂದರೆ, 69ನೇ ಮೈಲಿನಲ್ಲಿ ನೀರಿನ ಮಟ್ಟ ಎಷ್ಟಿದೆ ಅಂತ. ರಸ್ತೆಗಳೆಲ್ಲ ಯಾವಾಗಲೋ ಕಿಲೋಮೀಟರಿಗೆ ಬದಲಾದವು. ಕಾಲುವೆ ಮಾತ್ರ ಮೈಲಿನಲ್ಲೇ ಉಳಿದುಕೊಂಡಿತು. ಮುನಿರಾಬಾದಿನಿಂದ ಹೊರಟು ಸುಮಾರು 227 ಕಿಲೋಮೀಟರ್ ಹರಿಯುವ ಈ ಕಾಲುವೆಯ ದಂಡೆಯ ಮೇಲೆ ನಾನು ಓಡುತ್ತೇನೆ. ಇವತ್ತು ಹೇಳಬೇಕೆಂದಿರುವುದು ಆ ದಾರಿಯ ಬಗ್ಗೆ, ಮತ್ತು ಅದರ ಆಚೆಗಿರುವ ಗುಡ್ಡದ ದಾರಿಯ ಬಗ್ಗೆ.

ನಾನು ಗಂಗಾವತಿಯವಳು. ಶಾಲೆಯಲ್ಲಿ ಪಾಠ ಮಾಡುತ್ತೇನೆ. ಓಡಲು ಶುರು ಮಾಡಿದಾಗ ನನಗೆ ನಲವತ್ತೊಂದು ವರ್ಷ. ಮೊದಲ ಮೂರು ತಿಂಗಳು ಡಾಂಬರು ರಸ್ತೆಯಲ್ಲೇ ಓಡಿದೆ. ಒಂದು ಕಡೆ ಭತ್ತ ತುಂಬಿದ ಲಾರಿಗಳು, ಇನ್ನೊಂದು ಕಡೆ ನಾಯಿಗಳು. ಮೊಳಕಾಲಿನ ಕೆಳಗೆ ಮೂಳೆಯೇ ನೋಯತೊಡಗಿತು. ಓಡುವುದು ನನ್ನ ಕೈಲಾಗದ ಕೆಲಸ ಅಂದುಕೊಂಡು ಬಿಟ್ಟೇಬಿಡುವವಳಿದ್ದೆ. ಒಂದು ದಿನ ಸುಮ್ನೆ ಕಾಲುವೆ ಕಡೆ ತಿರುಗಿದೆ. ಗರಸು ಹಾಕಿ, ಟ್ರ್ಯಾಕ್ಟರ್ ಓಡಾಡಿ ಗಟ್ಟಿಯಾದ ದಾರಿ. ಕಾಲಿಟ್ಟರೆ ನೆಲ ತುಸುವೇ ಒಳಗೆ ತೆಗೆದುಕೊಳ್ಳುತ್ತದೆ. ಎರಡು ವಾರದಲ್ಲಿ ನೋವು ಇಳಿಯಿತು. ತಪ್ಪು ಕಾಲಿನದಲ್ಲ, ದಾರಿಯದು ಅಂತ ಆವಾಗ ಗೊತ್ತಾಯಿತು.

ದಂಡೆಗೂ ಒಂದು ಗುಟ್ಟಿದೆ. ಅದನ್ನು ಕಲಿಯಲು ನನಗೆ ಒಂದು ವರ್ಷ ಬೇಕಾಯಿತು. ಈ ಕಡೆಯ ದಂಡೆಯಲ್ಲಿ ಹೋಗಿ, ಸೇತುವೆ ದಾಟಿ, ಆ ಕಡೆಯ ದಂಡೆಯಲ್ಲಿ ವಾಪಸ್ ಬರುತ್ತಿದ್ದೆ. ಸುತ್ತು ಚೆನ್ನಾಗಿತ್ತು. ಆದರೆ ಎಡಗಡೆಯ ಸೊಂಟ ಹಿಡಿದುಕೊಳ್ಳುತ್ತಿತ್ತು, ಯಾವಾಗಲೂ ಎಡಗಡೆಯೇ. ಯೋಚಿಸಿ ನೋಡಿದೆ. ಮಳೆ ನೀರು ಹೊರಗೆ ಹರಿಯಲಿ ಅಂತ ದಂಡೆಯ ದಾರಿ ಕಾಲುವೆಯಿಂದ ಆಚೆಗೆ ಸ್ವಲ್ಪ ಇಳಿಜಾರಾಗಿದೆ. ಹೋಗುವಾಗ ಕಾಲುವೆ ನನ್ನ ಬಲಕ್ಕಿತ್ತು. ಸೇತುವೆ ದಾಟಿ ತಿರುಗಿ ಬರುವಾಗಲೂ ಬಲಕ್ಕೇ! ಅಂದರೆ ಹೋಗುವಾಗಲೂ ಬರುವಾಗಲೂ ಎಡಗಾಲು ತಗ್ಗಿನಲ್ಲಿ, ಬಲಗಾಲು ದಿಬ್ಬದಲ್ಲಿ. ಈಗ ಹೋದ ದಂಡೆಯಲ್ಲೇ ವಾಪಸ್ ಬರುತ್ತೇನೆ. ಎರಡೂ ಕಾಲಿಗೆ ಸಮಪಾಲು. ಕಾಲುವೆ ಮೇಲೆ ಓಡುವವರು ಇದೊಂದನ್ನು ದಯವಿಟ್ಟು ನೆನಪಿಡಿ.

ಇನ್ನೊಂದು ಶತ್ರು ಬಳ್ಳಾರಿ ಜಾಲಿ. ಹೆಸರು ನಮ್ಮ ಕಡೆಯದು, ಗಿಡ ಮಾತ್ರ 19ನೇ ಶತಮಾನದಲ್ಲಿ ಅಮೆರಿಕದ ಕಡೆಯಿಂದ ಬಂದದ್ದು. ದಂಡೆಯ ಎರಡೂ ಕಡೆ ಹಬ್ಬಿದೆ. ಸೌದೆಗೆ ಕಡಿದು ಎಳೆದುಕೊಂಡು ಹೋದವರ ಹಿಂದೆ ಮುಳ್ಳು ಬಿದ್ದಿರುತ್ತದೆ. ಅದು ಶೂ ಅಡಿಯನ್ನು ತೂರಿ ಅಂಗಾಲಿಗೆ ಬರುತ್ತದೆ, ಮುರಿದರೆ ತುದಿ ಒಳಗೇ ಉಳಿಯುತ್ತದೆ. ನನ್ನ ಜೇಬಿನಲ್ಲಿ ಒಂದು ಪಿನ್ನು ಯಾವಾಗಲೂ ಇರುತ್ತದೆ. ಮತ್ತೆ ಬಹಳ ಮುಖ್ಯವಾದ ಮಾತು: ಬೆವರಿಗೆ ಮುಖ ತೊಳೆಯೋಣ ಅಂತ ಕಾಲುವೆಗೆ ಇಳಿಯಬೇಡಿ. ಮೇಲೆ ನೋಡಿದರೆ ನೀರು ನಿಧಾನ. ಒಳಗೆ ಸೆಳೆತ ಜೋರು, ಪಕ್ಕದ ಕಲ್ಲು ಪಾಚಿಗಟ್ಟಿ ಜಾರುತ್ತದೆ. ಈಜು ಬಲ್ಲವರೂ ಮೇಲೆ ಬರಲಾಗದೆ ಹೋಗಿದ್ದಾರೆ.

ಮಳೆಗಾಲದಲ್ಲಿ ಮಣ್ಣು ನೋಡಿ ದಾರಿ ಹಿಡಿಯಬೇಕು. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲವಾದರೆ ಮಳೆ ನಿಂತು ಒಂದು ತಾಸಿಗೆ ಓಡಲು ಬರುತ್ತದೆ. ಎರೆ, ಅಂದರೆ ಕಪ್ಪು ಮಣ್ಣು, ಹಾಗಲ್ಲ. ಹತ್ತು ಹೆಜ್ಜೆಗೆ ಒಂದೊಂದು ಶೂಗೆ ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ. ಕಾಲು ಎತ್ತಿದರೆ ಶೂ ಕೆಳಗೇ ಉಳಿಯುತ್ತದೆ. ಕಾರಟಗಿ, ಸಿಂಧನೂರು ಕಡೆ ಕ್ಯಾಂಪು ಅಂತ ಕರೆಯುವ ಸಣ್ಣ ಊರುಗಳ ನಡುವಿನ ಹೊಲದ ದಾರಿಗಳು ಚಳಿಗಾಲದಲ್ಲಿ ಬಹಳ ಚಂದ. ಮಳೆ ಬಿದ್ದ ಎರಡು ದಿನ ಮಾತ್ರ ಅವುಗಳ ಸುದ್ದಿಗೆ ಹೋಗಬೇಡಿ.

ಆನೆಗೊಂದಿ, ಸಾಣಾಪುರದ ದಾರಿ ನಿಮಗೆಲ್ಲ ಗೊತ್ತಿರುವಂಥದ್ದೇ. ಬಾಳೆ ತೋಟ, ಪಂಪಾ ಸರೋವರ, ಎದುರಿಗೆ ಅಂಜನಾದ್ರಿ. ಅದು ಡಾಂಬರು ರಸ್ತೆ, ಶನಿವಾರ ಭಾನುವಾರ ವಾಹನ ಜಾಸ್ತಿ. ವಾರದ ದಿನಗಳಲ್ಲಿ ಹೋಗಿ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ಓಟದ ಅಭ್ಯಾಸಕ್ಕೆ ಬಳಸುವ ಹುಡುಗರಿದ್ದಾರೆ. ಹತ್ತುವುದು ಸರಿ, ಇಳಿಯುವಾಗ ನಡೆಯಿರಿ. ಮೊಳಕಾಲಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಜೊತೆಗೆ ಅಲ್ಲಿ ಹರಕೆ ಹೊತ್ತು ಬರಿಗಾಲಲ್ಲಿ ಹತ್ತುವ ಹಿರಿಯರು ಇರುತ್ತಾರೆ, ಅವರಿಗೆ ದಾರಿ ಬಿಡಬೇಕಲ್ವಾ?

ನನ್ನ ಮನಸ್ಸು ಹಿಡಿದಿರುವುದು ಹಿರೇಬೆಣಕಲ್ ಗುಡ್ಡ. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಮೇಲೆ ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಶಿಲಾಸಮಾಧಿಗಳು ನೂರಾರು ಇವೆ. ಎರಡು ಸಾವಿರ ವರ್ಷಕ್ಕೂ ಹಿಂದಿನವು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿದವು. ನಗಾರಿಯ ಹಾಗೆ ಕಾಣುವ ಒಂದು ದೊಡ್ಡ ಗುಂಡುಕಲ್ಲು ಕೂಡ ಅಲ್ಲಿದೆ, ಬಡಿದರೆ ನಗಾರಿಯಂತೆಯೇ ಸದ್ದು ಬರುತ್ತದೆ. ಆ ಸಮಾಧಿಗಳ ನಡುವೆ ನಾನು ಓಡುವುದಿಲ್ಲ. ಓಟ ಗುಡ್ಡದ ಬುಡದ ತನಕ. ಅಲ್ಲಿಂದ ಮೇಲೆ ನಡಿಗೆ. ಚಪ್ಪಡಿಯ ಮೇಲೆ ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ಕಂಡರೆ ಕೈಮುಗಿದು ಇಳಿಸುತ್ತೇನೆ. ಇಷ್ಟು ವರ್ಷ ನಿಂತದ್ದು ನಮ್ಮ ಕಾಲದಲ್ಲಿ ಬೀಳಬಾರದು.

ಗುಡ್ಡದಲ್ಲಿ ಹೊತ್ತು ನೋಡಿಕೊಳ್ಳುವುದೇ ದೊಡ್ಡ ವಿದ್ಯೆ. ಬಿಸಿಲಿಗೆ ಹೆದರಿ ಕತ್ತಲಲ್ಲೇ ಹೊರಟರೆ ಕರಡಿ, ಚಿರತೆ ಓಡಾಡುವ ಹೊತ್ತು ಅದು. ಅವುಗಳಿಗೆ ಹೆದರಿ ತಡಮಾಡಿದರೆ ಬಂಡೆ ಕಾಯುತ್ತದೆ. ಅಂಗೈ ಗೆರೆ ಕಾಣುವಷ್ಟು ಬೆಳಕಾದ ಮೇಲೆ ನಾನು ದಾರಿ ಹಿಡಿಯುತ್ತೇನೆ. ಏಪ್ರಿಲ್, ಮೇನಲ್ಲಿ ಅಲ್ಲಿಂದ ಎರಡು ತಾಸು ಸಿಕ್ಕರೆ ಹೆಚ್ಚು. ಸಂಜೆ ಓಡೋಣ ಅಂದರೆ ಬೇಸಿಗೆಯಲ್ಲಿ ಅದೂ ಆಗದು. ಹಗಲೆಲ್ಲ ಕುಡಿದ ಬಿಸಿಯನ್ನು ಬಂಡೆ ರಾತ್ರಿಯವರೆಗೂ ಹೊರಗೆ ಬಿಡುತ್ತಿರುತ್ತದೆ. ಹತ್ತಿರ ಹೋದರೆ ಮುಖಕ್ಕೆ ಒಲೆಯ ಝಳ ಹೊಡೆದಂತಾಗುತ್ತದೆ.

ಒಂದು ಮಾರ್ಚಿನಲ್ಲಿ ಈ ಲೆಕ್ಕ ತಪ್ಪಿದೆ. ಗುಡ್ಡದಿಂದ ಇಳಿದು ದಂಡೆಗೆ ಬರುವಷ್ಟರಲ್ಲಿ ಹತ್ತು ಗಂಟೆ. ಬಾಟಲಿಯ ನೀರು ಮುಗಿದಿತ್ತು. ಕಣ್ಣು ಕತ್ತಲೆ ಬಂದು ಒಂದು ತೂಬಿನ ಕಟ್ಟೆ ಹಿಡಿದು ನಿಂತೆ. ನೆಲ್ಲಿನ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಹಿರಿಯ ಹೆಣ್ಣುಮಗಳೊಬ್ಬರು ಸೀರೆ ಎತ್ತಿ ಕಟ್ಟಿದ್ದ ಹಾಗೆಯೇ ಕೆಸರುಗಾಲಲ್ಲಿ ಬಂದರು. ‘ಯವ್ವಾ, ಈ ಬಿಸಿಲಾಗ ಯಾಕ ಓಡ್ತಿ? ಕುಂದ್ರು ಮೊದ್ಲು’ ಅಂದರು. ಜಾಲಿಯ ನೆರಳಲ್ಲಿ ಒದ್ದೆ ಬಟ್ಟೆ ಸುತ್ತಿಟ್ಟಿದ್ದ ಬಿಂದಿಗೆ. ಅದರಿಂದ ಮಜ್ಜಿಗೆ ಹಾಕಿ, ಬುತ್ತಿ ಗಂಟಿನಿಂದ ಉಪ್ಪು ತೆಗೆದು ಬೆರಳಲ್ಲೇ ಕಲಸಿ ಕೊಟ್ಟರು. ಎರಡು ಲೋಟ ಕುಡಿದ ಮೇಲೆ ತಲೆ ನಿಂತಿತು. ಬೆವರಲ್ಲಿ ಹೋದದ್ದು ಬರೀ ನೀರಲ್ಲ, ಉಪ್ಪೂ ಹೋಗಿತ್ತು. ಶಾಲೆಯಲ್ಲಿ ನಾನೇ ಮಕ್ಕಳಿಗೆ ಕಲಿಸುವ ಪಾಠ ಅದು. ಬೇಸಿಗೆ ಶುರುವಾದಾಗ ಮೈ ಬಿಸಿಲಿಗೆ ಒಗ್ಗಲು ಹತ್ತು ಹದಿನೈದು ದಿನ ಬೇಕು. ಆ ದಿನಗಳಲ್ಲಿ ದೂರ ಕಡಿಮೆ ಮಾಡಿ, ಪಕ್ಕದವರೊಂದಿಗೆ ಮಾತಾಡುತ್ತಾ ಓಡುವಷ್ಟು ನಿಧಾನ ಇಟ್ಟುಕೊಳ್ಳಿ.

ಇಂಗ್ಲೆಂಡಿನಲ್ಲಿ ಊರಾಚೆ ಕಂಟ್ರಿ ಪಾರ್ಕ್ ಅಂತ ಇರುತ್ತವೆ. 1968ರಲ್ಲಿ ಕಾನೂನು ಮಾಡಿ, ಪಟ್ಟಣದ ಜನ ಬಯಲಿಗೆ ಬಂದು ಓಡಾಡಲಿ ಅಂತ ಅವುಗಳಿಗೆ ದಾರಿ ಮಾಡಿಕೊಟ್ಟರು. ಕಾಲುದಾರಿ, ಅದರ ಪಕ್ಕ ಗುರುತಿನ ಕಂಬ. 2004ರಲ್ಲಿ ಲಂಡನ್ನಿನ ಬುಶಿ ಪಾರ್ಕ್ ಎಂಬಲ್ಲಿ ಒಂದು ಶನಿವಾರ 13 ಜನ ಸೇರಿ 5 ಕಿಲೋಮೀಟರ್ ಓಡಿದರು. ಅದೇ ಪಾರ್ಕ್‌ರನ್ ಅಂತ ಬೆಳೆದು ಎಷ್ಟೋ ದೇಶಗಳಿಗೆ ಹಬ್ಬಿತು. ಕಾಸು ಕೊಡಬೇಕಾಗಿಲ್ಲ, ನಡೆದು ಮುಗಿಸಿದರೂ ನಡೆಯುತ್ತದೆ. ಇದನ್ನು ಓದಿದಾಗ ನನಗೆ ಅನಿಸಿದ್ದು ಇಷ್ಟೇ. ನಮ್ಮಲ್ಲಿ ದಾರಿ ಆಗಲೇ ಇದೆ. ಅಳತೆಯೂ ಆಗಿದೆ. ಮೂರು ಮೈಲು ಓಡಿದರೆ ಹೆಚ್ಚುಕಡಿಮೆ ಅದೇ 5 ಕಿಲೋಮೀಟರ್.

ಈಗ ನಾವು ಐದು ಜನ ಹೆಂಗಸರು ಒಟ್ಟಿಗೆ ಓಡುತ್ತೇವೆ. ಚೂಡಿದಾರ, ತಲೆಗೊಂದು ಟವೆಲ್, ಕೈಯಲ್ಲಿ ಬಾಟಲಿ. ಮೊದಮೊದಲು ‘ಯಾರಿಗೇನಾತು?’ ಅಂತ ಜನ ಬೈಕ್ ನಿಲ್ಲಿಸಿ ಕೇಳುತ್ತಿದ್ದರು. ಈಗ ಕೈ ಬೀಸಿ ಹೋಗುತ್ತಾರೆ. ತಿಂಗಳಿಗೊಂದು ಭಾನುವಾರ ಓಡುವುದಿಲ್ಲ. ಅವತ್ತು ಕುಡುಗೋಲು ಹಿಡಿದು ದಾರಿಗೆ ಚಾಚಿದ ಜಾಲಿ ಕೊಂಬೆ ಸವರಿ, ಬಿದ್ದ ಮುಳ್ಳು ಗುಡಿಸುತ್ತೇವೆ. ನೀರಾವರಿ ಇಲಾಖೆಯ ಮೈಲುಗಲ್ಲುಗಳನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಬಿದ್ದಿರುವ ಗುಂಡುಕಲ್ಲಿಗೆ ಅರ್ಧ ಅರ್ಧ ಮೈಲಿಗೆ ಸುಣ್ಣ ಬಳಿಯುತ್ತೇವೆ. ಮಳೆಗೆ ಅದು ತೊಳೆದುಹೋಗುತ್ತದೆ. ದೀಪಾವಳಿಗೆ ಮನೆಗೆ ಸುಣ್ಣ ಹಚ್ಚುವಾಗ ಒಂದು ಡಬ್ಬಿ ಉಳಿಸಿಕೊಂಡು ಮತ್ತೆ ಬಳಿಯುತ್ತೇವೆ. ನೀವು ಕಾಲುವೆ ಕಡೆ ಬಂದಾಗ ಅಂಥ ಬಿಳಿ ಕಲ್ಲು ಕಂಡರೆ, ಅಲ್ಲಿಂದ ಮುಂದಿನ ಕಲ್ಲಿನವರೆಗೆ ಮುಳ್ಳು ಗುಡಿಸಿದ ದಾರಿ ಇದೆ. ನಮಸ್ಕಾರ.