ಬೆನ್ನಿಗೆ ಇಂಜೆಕ್ಷನ್, ತಲೆಯೊಳಗೆ ರಕ್ತ

ಕೇಳುಗರೇ, ನಮಸ್ಕಾರ.

ಸಿಸೇರಿಯನ್‌ಗೋ ಹರ್ನಿಯಾ ಆಪರೇಷನ್‌ಗೋ ನೋವು ಗೊತ್ತಾಗದಿರಲಿ ಅಂತ ಬೆನ್ನಿಗೆ ಅರಿವಳಿಕೆ ಇಂಜೆಕ್ಷನ್ ಕೊಡ್ತಾರೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಮುಂದೆ ಬೆನ್ನುನೋವು ಬರುತ್ತಾ? ತಲೆಯ ವಿಚಾರ ಯಾರೂ ಕೇಳುವುದಿಲ್ಲ. ಇವತ್ತು ಅದನ್ನೇ ಮಾತಾಡೋಣ.

ಮೆದುಳು, ಬೆನ್ನುಹುರಿ ಎರಡರ ಸುತ್ತಲೂ ನೀರಿನಂಥ ತಿಳಿ ದ್ರವ ಇರುತ್ತದೆ. ದೊಡ್ಡವರಲ್ಲಿ ಸುಮಾರು 150 ಮಿಲಿಲೀಟರ್, ಅಷ್ಟೇ. ಮೆದುಳು ಅದರಲ್ಲಿ ತೇಲುತ್ತಿರುತ್ತದೆ. ಸೂಜಿ ಈ ದ್ರವದ ಚೀಲವನ್ನು ಚುಚ್ಚಿದಾಗ ಸಣ್ಣ ತೂತು ಬೀಳುತ್ತದೆ. ಬಹಳಷ್ಟು ಜನರಲ್ಲಿ ಅದು ತೊಂದರೆ ಕೊಡದೆ ಮುಚ್ಚಿಕೊಳ್ಳುತ್ತದೆ. ಕೆಲವರಲ್ಲಿ ಮಾತ್ರ ದ್ರವ ಸೋರುತ್ತಲೇ ಇರುತ್ತದೆ. ಆಗ ಎದ್ದು ಕೂತರೆ ತಲೆ ಸಿಡಿಯುತ್ತದೆ, ಮಲಗಿದರೆ ಹಗುರಾಗುತ್ತದೆ. 1898ರಲ್ಲಿ ಈ ಅರಿವಳಿಕೆಯನ್ನು ಮೊದಲು ಬಳಕೆಗೆ ತಂದ ಜರ್ಮನಿಯ ವೈದ್ಯ ಆಗಸ್ಟ್ ಬಿಯರ್, ತನ್ನ ಬೆನ್ನಿಗೇ ಚುಚ್ಚಿಸಿಕೊಂಡು ಇದೇ ತಲೆನೋವು ಅನುಭವಿಸಿದ್ದರು!

ಸಾಮಾನ್ಯವಾಗಿ ಈ ನೋವು ಒಂದೆರಡು ವಾರದೊಳಗೆ ಹೋಗುತ್ತದೆ. ಆದರೆ ತೀರಾ ಅಪರೂಪಕ್ಕೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದ್ರವ ಕಡಿಮೆಯಾದಾಗ ಮೆದುಳು ಸ್ವಲ್ಪ ಕೆಳಗೆ ಜಗ್ಗುತ್ತದೆ. ಮೆದುಳಿನಿಂದ ಅದರ ಹೊರಪೊರೆಗೆ ಹೋಗುವ ತೆಳು ರಕ್ತನಾಳಗಳು ಆಗ ಎಳೆದಂತಾಗುತ್ತವೆ. ಅದರಲ್ಲೊಂದು ಹರಿದರೆ ಹೊರಪೊರೆಯ ಕೆಳಗೆ ರಕ್ತ ಸೇರುತ್ತದೆ. ವೈದ್ಯರು ಇದನ್ನು ಸಬ್‌ಡ್ಯೂರಲ್ ಹೆಮಟೋಮಾ ಅನ್ನುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ವಯಸ್ಸಾದವರಿಗೆ ಅಪಾಯ ಜಾಸ್ತಿ.

ಎಷ್ಟು ಅಪರೂಪ? ಅಮೆರಿಕದ ಎರಡು ಕೋಟಿಗೂ ಹೆಚ್ಚು ಹೆರಿಗೆಗಳ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಒಟ್ಟು ತಾಯಂದಿರಲ್ಲಿ ಲಕ್ಷಕ್ಕೆ ಒಬ್ಬಿಬ್ಬರಿಗೆ ಹೀಗಾಗಿತ್ತು. ಚುಚ್ಚಿದ ನಂತರ ತಲೆನೋವು ಬಂದವರಲ್ಲಿ ಲಕ್ಷಕ್ಕೆ ಸುಮಾರು 147. ಇದು ಕೂಡ ಸಣ್ಣ ಸಂಖ್ಯೆಯೇ. ಹಾಗಂತ ಇಂಜೆಕ್ಷನ್ ಬೇಡ ಅನ್ನುವುದು ಜಾಣತನವಲ್ಲ.

ನನಗೆ ಮುಖ್ಯ ಅನ್ನಿಸುವುದು ನೋವಿನ ನಡತೆ. ಮಲಗಿದರೆ ಕಡಿಮೆಯಾಗುತ್ತಿದ್ದ ನೋವು ಈಗ ಮಲಗಿದರೂ ಬಿಡುತ್ತಿಲ್ಲವೇ? ಅದು ಎಚ್ಚರಿಕೆ. ಜೊತೆಗೆ ವಾಂತಿ, ಮಂಪರು, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಫಿಟ್ಸ್, ಇವುಗಳಲ್ಲಿ ಯಾವುದಾದರೂ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ಗೊತ್ತಾಗುತ್ತದೆ. ಬಾಣಂತಿಯರ ತಲೆನೋವನ್ನು ಮಾತ್ರ "ನಿದ್ದೆಗೆಟ್ಟಿದ್ದಕ್ಕೆ" ಅಂತ ಸುಮ್ನೆ ತಳ್ಳಿಹಾಕುವವರೇ ಹೆಚ್ಚು, ಅಲ್ವಾ?

ಇನ್ನೊಂದು ತೊಡಕಿದೆ. ರಕ್ತ ನಿಧಾನವಾಗಿ ಸೇರಿದರೆ ಲಕ್ಷಣಗಳು ವಾರಗಳ ನಂತರವೂ ಕಾಣಿಸಬಹುದು. ಅಷ್ಟರಲ್ಲಿ ಇಂಜೆಕ್ಷನ್ ಮರೆತೇಹೋಗಿರುತ್ತದೆ. ಹಾಗಾಗಿ ಯಾವ ವೈದ್ಯರ ಬಳಿ ಹೋದರೂ "ನನಗೆ ಬೆನ್ನಿಗೆ ಇಂಜೆಕ್ಷನ್ ಆಗಿತ್ತು" ಅಂತ ನೀವೇ ಮೊದಲು ಹೇಳಿ.

ಸಣ್ಣ ಹೆಪ್ಪಾದರೆ ನಿಗಾ ಇಟ್ಟು ಕಾಯುತ್ತಾರೆ, ಎಷ್ಟೋ ಸಲ ತಾನೇ ಕರಗುತ್ತದೆ. ದೊಡ್ಡದಾಗಿ ಮೆದುಳನ್ನು ಒತ್ತುತ್ತಿದ್ದರೆ ತಲೆಬುರುಡೆಗೆ ತೂತು ಮಾಡಿ ರಕ್ತ ಹೊರತೆಗೆಯಬೇಕಾಗಬಹುದು. ದ್ರವ ಸೋರುವುದು ನಿಲ್ಲದಿದ್ದರೆ, ನಿಮ್ಮದೇ ಕೈಯಿಂದ ತೆಗೆದ ಸ್ವಲ್ಪ ರಕ್ತವನ್ನು ಬೆನ್ನಿನ ಆ ತೂತಿನ ಹತ್ತಿರ ಹಾಕಿ ಮುಚ್ಚುವ ಚಿಕಿತ್ಸೆಯೂ ಇದೆ. ತಲೆಯೊಳಗೆ ಆಗಲೇ ಹೆಪ್ಪು ಇದ್ದರೆ ಮಾತ್ರ ಇದನ್ನು ಬಹಳ ಯೋಚಿಸಿ ಮಾಡುತ್ತಾರೆ. ಏಕೆಂದರೆ ಹಾಗೆ ರಕ್ತ ಹಾಕಿದಾಗ ತಲೆಯೊಳಗಿನ ಒತ್ತಡವೂ ಏರುತ್ತದೆ.

ನಮಸ್ಕಾರ.