ವೋಲ್ಟೇಜ್ ಏರಿಸಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತಿನ ಮಾತು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ, ಚೌಕಾಸಿ ಮಾಡಿ, ಒಂದೊಂದೇ ಭಾಗ ತಂದು ಕಂಪ್ಯೂಟರ್ ಜೋಡಿಸಿಕೊಂಡಿರುವ ಹುಡುಗ ಹುಡುಗಿಯರಿಗೆ. ದುಡ್ಡು ಕೊಟ್ಟ ಅಪ್ಪ ಅಮ್ಮಂದಿರೂ ಕೇಳಿ, ನಿಮಗೂ ಕೆಲಸಕ್ಕೆ ಬರುತ್ತದೆ.

ಕಂಪ್ಯೂಟರಿನ ಮಿದುಳು ಪ್ರೊಸೆಸರ್. ಅದರ ಡಬ್ಬದಲ್ಲೇ ಬಿಸಿ ಇಳಿಸುವ ಒಂದು ಕೂಲರ್ ಬಂದಿರುತ್ತದೆ. ಅಂಗೈಯಗಲದ ಅಲ್ಯೂಮಿನಿಯಂ, ಅದರ ಮೇಲೊಂದು ಫ್ಯಾನ್. ಅದನ್ನೇ ಇಟ್ಟುಕೊಂಡು ಓವರ್‌ಕ್ಲಾಕ್ ಮಾಡಬಹುದಾ? ಅಂದರೆ ಕಂಪನಿ ಗೊತ್ತು ಮಾಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಓಡಿಸಬಹುದಾ? ಓಡಿಸಬಹುದು. ಒಂದೇ ಷರತ್ತು. ವೋಲ್ಟೇಜ್ ಏರಿಸಬೇಡಿ.

ಲೆಕ್ಕ ಸುಲಭ. ವೇಗವನ್ನು ಶೇಕಡಾ 10 ಏರಿಸಿದರೆ ಬಿಸಿಯೂ ಹೆಚ್ಚುಕಡಿಮೆ ಶೇಕಡಾ 10 ಏರುತ್ತದೆ. ವೋಲ್ಟೇಜನ್ನು ಶೇಕಡಾ 10 ಏರಿಸಿದರೆ ಬಿಸಿ ಶೇಕಡಾ 21 ಏರುತ್ತದೆ. ಬಿಸಿಯ ಸೂತ್ರದಲ್ಲಿ ವೋಲ್ಟೇಜ್ ವರ್ಗವಾಗಿ ಕೂರುತ್ತದೆ, ಪಿಯುಸಿಯಲ್ಲಿ ಓದಿದ್ದೇ ಅಲ್ವಾ? ಡಬ್ಬದಲ್ಲಿ ಬಂದ ಸಣ್ಣ ಕೂಲರಿಗೆ ಮೊದಲನೆಯದನ್ನು ತಡೆಯುವ ಶಕ್ತಿ ಇದೆ. ಎರಡನೆಯದನ್ನು ತಡೆಯುವ ಶಕ್ತಿ ಇಲ್ಲ.

ಇದಕ್ಕೊಂದು ಹಳೇ ಕತೆ ಇದೆ. 1998ರ ಆಗಸ್ಟ್‌ನಲ್ಲಿ ಇಂಟೆಲ್ ಕಂಪನಿ ಸೆಲೆರಾನ್ 300ಎ ಅಂತ ಒಂದು ಅಗ್ಗದ ಪ್ರೊಸೆಸರ್ ಬಿಟ್ಟಿತು. 300 ಮೆಗಾಹರ್ಟ್ಸ್. ಪ್ರೊಸೆಸರಿಗೂ ಬೋರ್ಡಿಗೂ ನಡುವಿನ ದಾರಿಯಾದ ಬಸ್ಸಿನ ವೇಗ 66 ಚಿಲ್ಲರೆ, ಅದನ್ನು ನಾಲ್ಕೂವರೆಯಿಂದ ಗುಣಿಸಿದರೆ 300. ಬದಲಾಯಿಸಲು ಆಗದಂತೆ ಆ ನಾಲ್ಕೂವರೆಗೆ ಬೀಗ ಹಾಕಿದ್ದರು. ಆದರೆ 66ಕ್ಕೆ ಬೀಗ ಇರಲಿಲ್ಲ! ಅದನ್ನು 100 ಮಾಡಿದರೆ 450 ಮೆಗಾಹರ್ಟ್ಸ್. ಅದೇ ಹೊತ್ತಿಗೆ ಬಂದ ಇಂಟೆಲ್ ಕಂಪನಿಯದೇ 450ರ ಪೆಂಟಿಯಂ ಟೂ ನಾಲ್ಕು ಪಟ್ಟಿಗೂ ಹೆಚ್ಚು ದುಬಾರಿ. ಸೆಲೆರಾನ್ ಒಳಗಿದ್ದ 128 ಕಿಲೋಬೈಟ್ ಕ್ಯಾಶ್, ಅಂದರೆ ಸಣ್ಣ ವೇಗದ ಮೆಮೊರಿ, ಪ್ರೊಸೆಸರಿನ ಪೂರ್ತಿ ವೇಗದಲ್ಲೇ ಓಡುತ್ತಿತ್ತು. ಪೆಂಟಿಯಂನದ್ದು ದೊಡ್ಡದು, ಆದರೆ ಅರ್ಧ ವೇಗದ್ದು.

ಬಸ್ಸನ್ನು 100 ಮಾಡುವುದು ಹೇಗೆ? ಆಗ ಪ್ರೊಸೆಸರ್ ಒಂದು ಕಾರ್ಡಿನ ಮೇಲೆ ಬರುತ್ತಿತ್ತು. ಕಾರ್ಡಿನ ಅಂಚಿನಲ್ಲಿ ಬಿ21 ಅನ್ನುವ ಒಂದು ಪಿನ್. ಅದನ್ನು ಮುಚ್ಚಿಬಿಟ್ಟರೆ ಮದರ್‌ಬೋರ್ಡು ಇದು 100ರದ್ದೇ ಅಂತ ನಂಬುತ್ತಿತ್ತು. ಬಸವನಗುಡಿಯ ನನ್ನ ಗೆಳೆಯ ಅದನ್ನು ಮುಚ್ಚಿದ್ದು ಅಕ್ಕನ ನೇಲ್ ಪಾಲಿಷ್‌ನಲ್ಲಿ. ಕೆಂಪು ಬಣ್ಣದ್ದು. ಆ ಬಾಟಲಿ ಅಕ್ಕನಿಗೆ ವಾಪಸ್ ಹೋಗಲಿಲ್ಲ, ಯಾಕೆಂದರೆ ಬೀದಿಯ ಹುಡುಗರೆಲ್ಲ ತಮ್ಮ ತಮ್ಮ ಕಾರ್ಡ್ ಹಿಡಿದುಕೊಂಡು ಬಂದರು. ಡಬ್ಬದಲ್ಲಿ ಬಂದ ಕೂಲರೇ, ವೋಲ್ಟೇಜ್ ಮೊದಲಿನ 2 ವೋಲ್ಟೇ. ಚಳಿಗಾಲ ಪೂರ್ತಿ 450ರಲ್ಲಿ ಆರಾಮಾಗಿ ಓಡಿತು.

ಅಷ್ಟಕ್ಕೇ ಬಿಡಬೇಕಲ್ಲ? ಇವನಿಗೆ 504 ಬೇಕಾಯಿತು. ಬಸ್ 112. ಸುಮ್ನೆ ಏರಿಸಿದರೆ ವಿಂಡೋಸ್ ಏಳಲಿಲ್ಲ. ವೋಲ್ಟೇಜ್ 2.2 ಮಾಡಿದ, ಎದ್ದಿತು. ಕುಣಿದಾಡಿದ. ಏಪ್ರಿಲ್ ಬಂತು, ಆಟದ ನಡುವೆ ಮೆಷಿನ್ ಹ್ಯಾಂಗ್ ಆಗತೊಡಗಿತು. ಕ್ಯಾಬಿನೆಟ್ ತೆಗೆದು ಮನೆಯ ಟೇಬಲ್ ಫ್ಯಾನ್ ಅದರ ಕಡೆ ತಿರುಗಿಸಿಟ್ಟ. ಅವರಮ್ಮ ಸೆಕೆಯಲ್ಲಿ ಕೂತು, "ಆ ಡಬ್ಬಕ್ಕೆ ಗಾಳಿ, ನನಗೆ ಇಲ್ವಾ?" ಅಂದರು. ಲೆಕ್ಕ ಹಾಕಿ ನೋಡಿ. ವೇಗ ಏರಿದ್ದು ಶೇಕಡಾ 12. ಬಿಸಿ ಏರಿದ್ದು ಶೇಕಡಾ 35. ಕೊನೆಗೆ 450ಕ್ಕೇ ಇಳಿಸಿದ, ವರ್ಷಗಟ್ಟಲೆ ಓಡಿತು.

ಕತೆ ಉದ್ದವಾಯಿತು. ಈಗಿನ ವಿಷಯ ಬೇಗ ಹೇಳುತ್ತೇನೆ. ಎಎಂಡಿ ಕಂಪನಿಯ ರೈಜನ್ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚುಕಡಿಮೆ ಎಲ್ಲವೂ ಬೀಗ ಇಲ್ಲದವು. ಬಿ450, ಬಿ550 ಮಾದರಿಯ ಮದರ್‌ಬೋರ್ಡಿದ್ದರೆ ಸಾಕು, ಎ320, ಎ520ರಲ್ಲಿ ಆಗುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಕೆ ಅಕ್ಷರ ಇರುವುದೇ ಬೇಕು, ಈಗ ಅದರ ಡಬ್ಬದಲ್ಲಿ ಕೂಲರೇ ಬರುವುದಿಲ್ಲ. ಹಾಗಾಗಿ ಇದು ರೈಜನ್‌ನವರ ಮಾತು.

ಮೊದಲು ಏನೂ ಬದಲಾಯಿಸದೆ ಸಿನೆಬೆಂಚ್ ಓಡಿಸಿ, ಪ್ರೊಸೆಸರಿಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಪ್ರೋಗ್ರಾಂ ಅದು. ಪೂರ್ತಿ ಕೆಲಸ ಬಿದ್ದಾಗ ಎಷ್ಟು ವೋಲ್ಟೇಜ್ ಹೋಗುತ್ತಿದೆ ಅಂತ, ಬಿಸಿ ವೋಲ್ಟೇಜ್ ಎಲ್ಲ ತೋರಿಸುವ ಪ್ರೋಗ್ರಾಂ ಆದ ಎಚ್‌ಡಬ್ಲ್ಯುಇನ್ಫೋದಲ್ಲಿ ನೋಡಿ ಬರೆದುಕೊಳ್ಳಿ. ಮೆಷಿನ್ ಆನ್ ಮಾಡುತ್ತಲೇ ತೆರೆಯಬಹುದಾದ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ಅದೇ ನಂಬರ್ ಕೂರಿಸಿ. ಆಟೋದಲ್ಲಿ ಬಿಟ್ಟರೆ ಬೋರ್ಡು ನಿಮಗೆ ಹೇಳದೆ ತಾನೇ ಏರಿಸಿಕೊಳ್ಳಬಹುದು. ಆಮೇಲೆ ವೇಗವನ್ನು 25 ಮೆಗಾಹರ್ಟ್ಸ್‌ನಂತೆ ಏರಿಸಿ, ಪ್ರತಿ ಸಲವೂ ಅರ್ಧ ಗಂಟೆ ಓಡಿಸಿ ನೋಡಿ. 85 ಡಿಗ್ರಿ ಮುಟ್ಟಿದರೆ ಒಂದು ಮೆಟ್ಟಿಲು ಇಳಿಯಿರಿ. ಹ್ಯಾಂಗ್ ಆದರೂ ಇಳಿಯಿರಿ. ಇಲ್ಲೇ ಎಲ್ಲರೂ ಎಡವುವುದು. ಹ್ಯಾಂಗ್ ಆಯಿತು, ಸ್ವಲ್ಪ ವೋಲ್ಟೇಜ್ ಕೊಟ್ಟರೆ ಸರಿಹೋಗುತ್ತೆ ಅಂತ ಯಾವುದೋ ವಿಡಿಯೋದವನು ಹೇಳಿರುತ್ತಾನೆ. ಅವನ ಕ್ಯಾಬಿನೆಟ್‌ನಲ್ಲಿ ನೀರು ಹರಿಯುವ ಕೂಲರ್ ಇರುತ್ತದೆ ಕಣ್ರಪ್ಪಾ! ನೀವು ವೋಲ್ಟೇಜ್ ಏರಿಸಬೇಡಿ.

ಇನ್ನು ನಮ್ಮ ಊರಿನ ಹವೆ. ಕೋಣೆ 10 ಡಿಗ್ರಿ ಬಿಸಿಯಾದರೆ ಪ್ರೊಸೆಸರ್ ಕೂಡ ಸುಮಾರು ಅಷ್ಟೇ ಬಿಸಿಯಾಗುತ್ತದೆ. ಬೆಂಗಳೂರು ತಂಪು ಅನ್ನುವವರು 2016ರ ಏಪ್ರಿಲ್ ನೆನಪು ಮಾಡಿಕೊಳ್ಳಿ, 39.2 ಡಿಗ್ರಿ ಮುಟ್ಟಿತ್ತು. ಡಿಸೆಂಬರ್ ರಾತ್ರಿ ಪಾಸಾದ ಸೆಟ್ಟಿಂಗನ್ನು ಏಪ್ರಿಲ್ ಮಧ್ಯಾಹ್ನ ಮತ್ತೆ ಪರೀಕ್ಷೆ ಮಾಡಿ. ಮನೆ ರಸ್ತೆ ಪಕ್ಕ ಇದ್ದರೆ ಕೂಲರಿನ ಧೂಳು ಆಗಾಗ ಬ್ರಷ್‌ನಲ್ಲಿ ತೆಗೆಯಿರಿ. ಕೂಲರ್ ಬಿಚ್ಚಿದರೆ ಕೂಲರಿಗೂ ಪ್ರೊಸೆಸರಿಗೂ ನಡುವೆ ಹಚ್ಚಿರುವ ಹಳೇ ಪೇಸ್ಟ್ ಪೂರ್ತಿ ಒರೆಸಿ, ಬಟಾಣಿಯಷ್ಟು ಹೊಸದು ಹಾಕಿ.

ಓವರ್‌ಕ್ಲಾಕ್ ಮಾಡಿದರೆ ವಾರಂಟಿ ಹೋಗುತ್ತದೆ, ಅಪ್ಪನಿಗೆ ಮೊದಲೇ ಹೇಳಿಬಿಡಿ. ಮೆಷಿನ್ ಏಳದೇ ಹೋದರೆ ಗಾಬರಿ ಬೇಡ. ಕರೆಂಟ್ ವೈರ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ತೆಗೆದು, ಐದು ನಿಮಿಷ ಬಿಟ್ಟು ಹಾಕಿ. ಎಲ್ಲ ಸೆಟ್ಟಿಂಗೂ ಮೊದಲಿನಂತಾಗುತ್ತದೆ. ನಮಸ್ಕಾರ.