ಘಟ್ಟದ ಮೇಲೆ ಕಡಲ ಮೀನು

ಕೇಳುಗರಿಗೆ ನಮಸ್ಕಾರ.

ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಕಲಘಟಗಿ ಕಡೆ ಹರಿದು ಬೇಡ್ತಿಯನ್ನು ಸೇರುತ್ತಾಳೆ. ಮುಂದೆ ಗಂಗಾವಳಿ ಅನ್ನಿಸಿಕೊಂಡು ಅಂಕೋಲಾ ಸೀಮೆಯಲ್ಲಿ ಕಡಲಿಗೆ ಬೀಳುತ್ತಾಳೆ. ನಮ್ಮ ನೀರು ಕಡಲಿಗೆ ಹೋಗುವುದು ಸಲೀಸು. ಕಡಲಿನ ಮೀನನ್ನು ನಮ್ಮ ಮನೆಗೆ ತಂದು ಬದುಕಿಸುವುದು ಅಷ್ಟು ಸಲೀಸಲ್ಲ. ಇವತ್ತು ಅದರ ಬಗ್ಗೆ ನಾಲ್ಕು ಮಾತು.

ಗೋಲ್ಡ್‌ಫಿಶ್, ಗಪ್ಪಿ ಸಾಕುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಅವರಲ್ಲಿ ಕೆಲವರಿಗೆ ಕಿತ್ತಳೆ ಬಣ್ಣದ, ಬಿಳಿ ಪಟ್ಟಿಯ ಕ್ಲೌನ್‌ಫಿಶ್ ನೋಡಿದ ಮೇಲೆ ಉಪ್ಪುನೀರಿನ ಅಕ್ವೇರಿಯಂ ಇಡುವ ಆಸೆ ಹುಟ್ಟುತ್ತದೆ. "ಮೀನು ಎಲ್ಲಿ ಸಿಗ್ತಾವೆ?" ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಓಣಿಗೆ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಇದು ತಮಾಷೆಯಲ್ಲ. ಮೀನು ಕೊನೆಗೆ ತರುವ ಸಾಮಾನು. ಮೊದಲು ನೀರಿನ ಲೆಕ್ಕ ಆಗಬೇಕು.

ಲೆಕ್ಕ ಹಾಕೋಣ. ಮೊದಲ ಸಲ ಇಡುವವರಿಗೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಒಳ್ಳೆಯದು. ಅದರಲ್ಲಿ ಸುಮಾರು 190 ಲೀಟರ್ ಹಿಡಿಯುತ್ತದೆ. ಮರಳು, ಕಲ್ಲು, ಮೇಲಿನ ಖಾಲಿ ಜಾಗ ಬಿಟ್ಟರೆ 150 ಲೀಟರ್ ನೀರು. ಚಿಕ್ಕದರಿಂದ ಶುರು ಮಾಡೋಣ ಎಂದು ಒಂದು ಅಡಿಯ ಡಬ್ಬಿ ಕೊಳ್ಳಬೇಡಿ. ಸಣ್ಣ ಟ್ಯಾಂಕಿನಲ್ಲಿ ಒಂದು ಲೋಟ ನೀರು ಆರಿದರೂ ಉಪ್ಪಿನ ಪ್ರಮಾಣ ಏರುತ್ತದೆ, ಒಂದು ಮೀನು ಸತ್ತರೆ ಇಡೀ ನೀರು ಕೆಡುತ್ತದೆ. ನೀರು ಜಾಸ್ತಿ ಇದ್ದಷ್ಟೂ ನಮ್ಮ ತಪ್ಪನ್ನು ತಡೆದುಕೊಳ್ಳುತ್ತದೆ. ಹಾಗಂತ ಅಷ್ಟು ನೀರು, ಕಲ್ಲು, ಗಾಜು, ಸ್ಟ್ಯಾಂಡ್ ಸೇರಿ 250 ಕಿಲೋ ದಾಟುತ್ತದೆ. ಮಹಡಿ ಮನೆಯಾದರೆ ಹಾಲ್ ನಡುವೆ ಬೇಡ, ಕೆಳಗೆ ಬೀಮ್ ಇರುವ ಗೋಡೆಯ ಪಕ್ಕ ಇಡಿ.

ಇಷ್ಟಕ್ಕೇ ಮುಗಿಯಲಿಲ್ಲ. ವಾರಕ್ಕೊಮ್ಮೆ 15–20 ಲೀಟರ್ ಹಳೆ ನೀರು ತೆಗೆದು ಹೊಸ ಉಪ್ಪುನೀರು ಹಾಕಬೇಕು. ಬೇಸಿಗೆಯ ನಮ್ಮ ಒಣ ಗಾಳಿಗೆ ದಿನಕ್ಕೆ ಎರಡು-ಮೂರು ಲೀಟರ್ ಆರಿ ಹೋಗುವುದೂ ಉಂಟು. ಆರುವುದು ನೀರು ಮಾತ್ರ. ಉಪ್ಪು ಒಳಗೇ ಉಳಿಯುತ್ತದೆ. ಆದ್ದರಿಂದ ಆರಿದ್ದಕ್ಕೆ ಬದಲು ಸಿಹಿನೀರನ್ನೇ ಹಾಕಬೇಕು, ಉಪ್ಪುನೀರನ್ನಲ್ಲ. ಹೊಸಬರು ಎಡವುವುದು ಇಲ್ಲೇ.

ಆ ಸಿಹಿನೀರೂ ನಳದ್ದು ಆಗುವುದಿಲ್ಲ. ಮಲಪ್ರಭೆಯ ನೀರು ನಮಗೆ ಕುಡಿಯಲು ಚೆನ್ನ, ಆದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಗದಗ, ಮುಂಡರಗಿ ಕಡೆಯ ಬೋರಿನ ನೀರಿನಲ್ಲಿ ಗಡಸು, ಫ್ಲೋರೈಡ್ ಎರಡೂ ಇವೆ. ಆರ್‌ಓ ನೀರೇ ಬೇಕು. ಅಡುಗೆಮನೆಯ ಆರ್‌ಓ ಸಾಕೇ? ಅನೇಕ ಯಂತ್ರಗಳಲ್ಲಿ ರುಚಿಗೆಂದು ಒಂದಷ್ಟು ಲವಣ ಉಳಿಸುವ ವ್ಯವಸ್ಥೆ ಇರುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ. ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಆ ಯಂತ್ರದಿಂದ ಹೊರಬಂದ ನೀರು ಹಾಯುವಂತೆ ಡಿಐ ಎಂಬ ಇನ್ನೊಂದು ಫಿಲ್ಟರ್ ಜೋಡಿಸಬೇಕು. ಆರ್‌ಓ ಒಂದು ಲೀಟರ್ ಕೊಡುವಾಗ ಎರಡು-ಮೂರು ಲೀಟರ್ ಹೊರಗೆ ಬಿಡುತ್ತದೆ, ಅದೂ ಗೊತ್ತಿರಲಿ. ನೀರಿಗಾಗಿ ಕೊಡ ಸಾಲಿಡುವ ಓಣಿಯಲ್ಲಿ ಆ ನೀರನ್ನು ಚರಂಡಿಗೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ನೆಲ ಒರೆಸಲು, ಪಾಯಖಾನೆಗೆ ಹಿಡಿದಿಡಿ. ಇಷ್ಟೆಲ್ಲ ನೀರು ನಿಮ್ಮ ಮನೆಯಲ್ಲಿ ಹೊಂದದಿದ್ದರೆ ಸಿಹಿನೀರಿನ ಮೀನೇ ಸಾಕಿ. ಅದರಲ್ಲಿ ಕೀಳೇನೂ ಇಲ್ಲ.

"ಕಾರವಾರದಿಂದ ಕಡಲ ನೀರನ್ನೇ ಕ್ಯಾನಿನಲ್ಲಿ ತಂದರಾಯ್ತಲ್ಲ" ಎನ್ನುವವರಿದ್ದಾರೆ. ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಹೋಗುವ ಉತ್ಸಾಹ ಮೆಚ್ಚಬೇಕಾದ್ದೇ. ಆದರೆ ದಂಡೆಯ ನೀರಿನಲ್ಲಿ ಕಾಳಿ, ಗಂಗಾವಳಿಯಂಥ ಹೊಳೆಗಳ ನೀರು ಬೆರೆತಿರುತ್ತದೆ. ಮಳೆಗಾಲದಲ್ಲಿ ಉಪ್ಪು ತೀರಾ ಇಳಿಯುತ್ತದೆ. ದೋಣಿಗಳ ಎಣ್ಣೆ ಬೇರೆ. ಆ ನೀರಿನಲ್ಲಿರುವ ಸಣ್ಣ ಜೀವಿಗಳು ಕ್ಯಾನಿನೊಳಗೇ ಸತ್ತು ಕೊಳೆಯುತ್ತವೆ. ಅದಕ್ಕಿಂತ ಅಕ್ವೇರಿಯಂಗೆಂದೇ ಸಿಗುವ ಸಮುದ್ರದ ಉಪ್ಪು ವಾಸಿ. ಅಡುಗೆ ಉಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅಳತೆಯಲ್ಲಿ ಬೆರೆತಿರುತ್ತವೆ. 150 ಲೀಟರಿಗೆ ಐದೂವರೆ-ಆರು ಕಿಲೋ ಹಿಡಿಯುತ್ತದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀರು ತುಂಬಿ, ಸಣ್ಣ ಮೋಟರ್ ಇಟ್ಟು, ಉಪ್ಪು ಹಾಕಿ ಒಂದು ದಿನ ತಿರುಗಲು ಬಿಡಿ. ಆಮೇಲೆ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ನೋಡಿದರೆ ಸಾಪೇಕ್ಷ ಸಾಂದ್ರತೆ ಸುಮಾರು 1.026 ತೋರಿಸಬೇಕು, ಅಂದರೆ ಸಾವಿರಕ್ಕೆ 35 ಭಾಗ ಉಪ್ಪು. ನಾಲಿಗೆಗೆ ಹಚ್ಚಿ ಹೇಳುವ ಅಂದಾಜು ಇಲ್ಲಿ ನಡೆಯುವುದಿಲ್ಲ.

ಇನ್ನು ಮರಳು, ಕಲ್ಲು. ಹೊಳೆ ಮರಳು ಬೇಡ, ಅದರಿಂದ ಗಾಜಿಗೆಲ್ಲ ಕಂದು ಪಾಚಿ ಹತ್ತಬಹುದು. ಅರಾಗೊನೈಟ್ ಎಂಬ ಸುಣ್ಣದಂಶದ ಮರಳು ಕೇಳಿ ತನ್ನಿ. ಕಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹೊರದೇಶದವರ ವಿಡಿಯೋಗಳಲ್ಲಿ ಕಡಲಿನಿಂದ ತೆಗೆದ ಹವಳದ ಬಂಡೆ ಇಡುತ್ತಾರೆ. ನಮ್ಮಲ್ಲಿ ಹವಳ, ಕಡಲಕುದುರೆ ಇವೆಲ್ಲ 2001ರಿಂದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಯಾರೋ ಗುಟ್ಟಾಗಿ ತಂದುಕೊಡುತ್ತೇನೆ ಎಂದರೆ ಕೈಮುಗಿದು ಕಳಿಸಿ. ಕೈಯಲ್ಲಿ ತಯಾರಿಸಿದ, ರಂಧ್ರವಿರುವ ಸೆರಾಮಿಕ್ ಕಲ್ಲು ಸಾಕು. ನಮಗೆ ಬೇಕಾದ್ದು ಆ ರಂಧ್ರಗಳೇ. ಬ್ಯಾಕ್ಟೀರಿಯಾ ಮನೆ ಮಾಡುವುದು ಅಲ್ಲಿ.

ಈ ಬ್ಯಾಕ್ಟೀರಿಯಾ ಬೆಳೆಯುವ ತನಕ ಮೀನು ತರುವ ಹಾಗಿಲ್ಲ. ಮೀನಿನ ಹೊಲಸು, ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯವಲ್ಲ, ವಾರದ ನೀರು ಬದಲಾವಣೆಯಲ್ಲಿ ಹೊರಗೆ ಹೋಗುತ್ತದೆ. ಈ ಸಂಸಾರ ಕೂಡಿಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ದಿನಾ ಚಿಟಿಕೆ ಮೀನಿನ ಆಹಾರ ಹಾಕಿ, ಖಾಲಿ ಟ್ಯಾಂಕ್ ನಡೆಸಬೇಕು. ಗೆಳೆಯರಲ್ಲಿ ನಡೆಯುತ್ತಿರುವ, ರೋಗವಿಲ್ಲದ ಉಪ್ಪುನೀರಿನ ಟ್ಯಾಂಕ್ ಇದ್ದರೆ ಅದರದೊಂದು ಕಲ್ಲು ತಂದಿಡಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಕೆಲಸ ಬೇಗ ಆಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿ ಅಲ್ಲೇ ನಿಂತರೆ ಟ್ಯಾಂಕ್ ತಯಾರು. ಬಂದವರೆಲ್ಲ "ಮೀನೆಲ್ಲಿ?" ಅಂತ ಕೇಳುತ್ತಾರೆ. ಕೇಳಲಿ ಬಿಡಿ.

ನೀರಿನ ಬಿಸಿ 25ರಿಂದ 27 ಡಿಗ್ರಿ ಇರಬೇಕು. ಡಿಸೆಂಬರಿನ ರಾತ್ರಿಗೆ ಹೀಟರ್ ಬೇಕೇ ಬೇಕು. ಏಪ್ರಿಲ್‌ನಲ್ಲಿ ಟ್ಯಾಂಕಿನ ಮೇಲೆ ಸಣ್ಣ ಫ್ಯಾನ್ ಬೀಸಿದರೆ ಎರಡು-ಮೂರು ಡಿಗ್ರಿ ಇಳಿಯುತ್ತದೆ. ನೀರು ಆಡಿಸಲು ವೇವ್‌ಮೇಕರ್ ಬೇಕು. ನೀರಿನ ಕೊಳೆಯನ್ನು ನೊರೆಯ ಜೊತೆ ಹೊರಗೆ ಹಾಕುವ ಪ್ರೋಟೀನ್ ಸ್ಕಿಮ್ಮರ್ ಬೇಕೇ ಬೇಕು ಎಂದು ಅಂಗಡಿಯವರು ಹೇಳಬಹುದು. ಎರಡು ಮೂರು ಮೀನಿನ ಮೊದಲ ಟ್ಯಾಂಕಿಗೆ, ವಾರಕ್ಕೊಮ್ಮೆ ತಪ್ಪದೆ ನೀರು ಬದಲಿಸುವವರಿಗೆ, ಅದು ಇಲ್ಲದೆಯೂ ನಡೆಯುತ್ತದೆ. ಆ ದುಡ್ಡಿನಲ್ಲಿ ಬ್ಯಾಟರಿಯ ಏರ್‌ಪಂಪ್ ತೆಗೆದಿಡಿ ಎನ್ನುತ್ತೇನೆ ನಾನು. ಮಳೆಗಾಲಕ್ಕೆ ಮುಂಚಿನ ಗಾಳಿ-ಗುಡುಗಿನ ಸಂಜೆಗಳಲ್ಲಿ ಕರೆಂಟು ಹೋಗುವುದು ಗೊತ್ತಿದ್ದದ್ದೇ. ಬಿಸಿಯಾದ ಉಪ್ಪುನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ, ನೀರಿನ ಓಟ ನಿಂತರೆ ಮೀನು ಉಸಿರು ಕಟ್ಟುತ್ತವೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ವೇವ್‌ಮೇಕರ್ ಒಂದನ್ನೇ ಅದಕ್ಕೆ ಕೊಡಿ, ಹೀಟರ್ ಬೇಡ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿಬಿದ್ದು ಆಮೇಲೆ ಮೇಲೇರಬೇಕು, ಆಗ ಹನಿ ಪ್ಲಗ್ಗಿಗೆ ಹೋಗುವುದಿಲ್ಲ. ಉಪ್ಪುನೀರು, ಕರೆಂಟು ಎರಡೂ ಇರುವ ಕಡೆ ಅರ್ಥಿಂಗ್ ಬಗ್ಗೆ ಉದಾಸೀನ ಬೇಡ.

ಈಗ ಮೀನು. ಕ್ಲೌನ್‌ಫಿಶ್ ಜೋಡಿಯಿಂದ ಶುರು ಮಾಡಿ, ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ ತನ್ನಿ. ಇವುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೇ ರೂಪಿಸಿದ್ದಾರೆ. ಕಡಲಿನಿಂದ ಹಿಡಿದು ತಂದದ್ದಕ್ಕಿಂತ ಇವು ಗಟ್ಟಿ, ಕಾಳಿನ ಆಹಾರವನ್ನೂ ತಿನ್ನುತ್ತವೆ. ಒಂದು ಮೋಜಿನ ಸಂಗತಿ: ಕ್ಲೌನ್‌ಫಿಶ್ ಎಲ್ಲವೂ ಗಂಡಾಗಿಯೇ ಶುರುವಾಗುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಅದರ ಗಂಡನೇ ಹೆಣ್ಣಾಗಿ ಮನೆ ನಡೆಸುತ್ತಾನೆ! ಕಡಲಿನಲ್ಲಿ ಕ್ಲೌನ್‌ಫಿಶ್ ಆಸರೆ ಪಡೆಯುವ ಕಡಲಹೂವು, ಅಂದರೆ ಸೀ ಅನಿಮೋನ್ ಎಂಬ ಜೀವಿ, ಟ್ಯಾಂಕಿನಲ್ಲಿ ಇರಲೇಬೇಕೆಂದಿಲ್ಲ. ಡ್ಯಾಮ್ಸೆಲ್ ಅಗ್ಗ, ಆದರೆ ಜಗಳಗಂಟ. ನೀಲಿ ಟ್ಯಾಂಗ್ ಚಂದ, ಆದರೆ ಒಂದು ಅಡಿ ಬೆಳೆಯುತ್ತದೆ. ಎರಡೂ ಬೇಡ.

ಬೆಂಗಳೂರಿನಿಂದಲೋ ಮುಂಬೈನಿಂದಲೋ ರಾತ್ರಿ ಬಸ್ಸಿನಲ್ಲಿ ಬಂದ ಚೀಲವನ್ನು ಬಿಚ್ಚಿ ಸೀದಾ ಸುರಿಯಬೇಡಿ. ದೀಪ ಆರಿಸಿ. ಚೀಲವನ್ನು ಟ್ಯಾಂಕಿನಲ್ಲಿ ಕಾಲು ತಾಸು ತೇಲಿಸಿ. ಆಮೇಲೆ ಮೀನನ್ನು ಅದರ ನೀರಿನ ಸಮೇತ ಸಣ್ಣ ಬಕೆಟ್ಟಿಗೆ ಹಾಕಿ, ಟ್ಯಾಂಕಿನ ನೀರನ್ನು ಸಣ್ಣ ಪೈಪಿನಲ್ಲಿ ಹನಿಹನಿಯಾಗಿ ಬಿಡಿ. ಕೊನೆಗೆ ಮೀನು ಮಾತ್ರ ಟ್ಯಾಂಕಿಗೆ, ಬಕೆಟ್ಟಿನ ನೀರು ಬಚ್ಚಲಿಗೆ.

ಊರಿಗೆ, ಜಾತ್ರೆಗೆ ಹೋಗುವಾಗ ಪಕ್ಕದ ಮನೆಯವರಿಗೆ ಆಹಾರದ ಡಬ್ಬಿ ಕೊಟ್ಟು ಹೋಗಬೇಡಿ. ಪ್ರೀತಿಯಿಂದ ಒಂದೇ ದಿನಕ್ಕೆ ಡಬ್ಬಿ ಖಾಲಿ ಮಾಡಿಬಿಡುತ್ತಾರೆ. ದಿನಕ್ಕೊಂದರಂತೆ ಸಣ್ಣ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ಕೊಡಿ. ಆರಿದ ನೀರು ತುಂಬಲು ಆರ್‌ಓ ನೀರಿನ ಕ್ಯಾನ್ ಪಕ್ಕದಲ್ಲೇ ಇಟ್ಟು, ಎಲ್ಲಿಯವರೆಗೆ ತುಂಬಬೇಕೋ ಅಲ್ಲಿ ಗಾಜಿನ ಮೇಲೆ ಒಂದು ಗೆರೆ ಹಾಕಿ ಹೋಗಿ.

ನಮಸ್ಕಾರ.